ತಳದ ಬಿಳಿ ಬಣ್ಣ

ಜನವರಿ ೯, ಶುಕ್ರವಾರ

ಇವತ್ತು ಬೆಳಿಗ್ಗೆ ಮೊದಲ ಹಲಗೆ ಕಿತ್ತೆ.

ಮೊಳೆ ಕೀಳುವ ಸುತ್ತಿಗೆಯನ್ನು ಸಂದಿಯಲ್ಲಿ ತೂರಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಒತ್ತಿದೆ. ಕಿರುಚಿಕೊಂಡು ಎದ್ದು ಬಂತು. ಬರೀ ಪ್ಲೈವುಡ್ಡು, ಅದರ ಮೇಲೆ ಸಗಣಿಯಂಥ ಕಂದು ಬಣ್ಣ. ಇಪ್ಪತ್ತೈದು ವರ್ಷಕ್ಕೂ ಮೇಲೆ ಇದನ್ನೇ ನೋಡಿಕೊಂಡು ಹತ್ತಿ ಇಳಿದೆ.

ನನ್ನ ಸೋದರತ್ತೆ ನನಗೆಂದು ಬಿಟ್ಟುಹೋದ ಮನೆ ಇದು. ಇಡೀ ಮನೆಯಲ್ಲಿ ನಾನು ಮನಸೋತದ್ದು ಈ ಮೆಟ್ಟಿಲಿಗೆ ಮಾತ್ರ. ಕಡೆದ ಪುಟ್ಟ ಕಂಬಗಳ ಕಟಕಟೆ, ಅದರ ಮೇಲೆ ನುಣುಪಾಗಿ ತಿರುಗಿ ಇಳಿಯುವ ಕೈಹಿಡಿ, ಕೆಳಗಿನ ದಪ್ಪ ಕಂಬದ ನೆತ್ತಿಯಲ್ಲಿ ಇನ್ನೇನು ಅರಳಬೇಕು ಎನ್ನುವಂಥ ಮೊಗ್ಗು, ಒಂದೊಂದು ಮೆಟ್ಟಿಲಿನ ಪಕ್ಕೆಗೂ ಸುರುಳಿ ಎಲೆಯ ಕೆತ್ತನೆ. ಮದುವೆಯಾಗಿ ಇಲ್ಲಿ ಸಂಸಾರ ಹೂಡಿದ ಕೆಲವು ವರ್ಷಗಳ ಮೇಲೆ ಒಂದು ದಿನ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ನನ್ನ ಗಂಡನೆಂಬ ಆ ಮನುಷ್ಯ ಎಲ್ಲವನ್ನೂ ಹಲಗೆ ಹೊಡೆದು ಮುಚ್ಚಿಬಿಟ್ಟಿದ್ದರು. ಯಾಕೆ ಎಂದು ಕೇಳಿದೆ. "ಧೂಳು ಕೂರುತ್ತೆ" ಎಂದರು. ಅದರ ಮೇಲೆ ಒಂದು ಮಾತಿಲ್ಲ. ಒಂದು ವಾರ ನಾನು ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಹಲಗೆ ಮಾತ್ರ ಹಾಗೇ ಉಳಿಯಿತು.

ಆ ಮನುಷ್ಯ ತೀರಿಹೋಗಿ ಎಂಟು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ನನ್ನ ಒಣ ಕಣ್ಣು ನೋಡಿ "ಗಟ್ಟಿ ಹೆಂಗಸು" ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಸಿಟ್ಟು, ಅಷ್ಟೆ.

ಪ್ರೆಸ್ಸಿನಲ್ಲಿ ಇಡೀ ಆಯುಷ್ಯ ಕರಡು ತಿದ್ದಿದವಳು ನಾನು. ಕಣ್ಣಿಗೆ ಬಿದ್ದ ತಪ್ಪನ್ನು ಹಾಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗಲಾರೆ. ಈ ಮನೆಯ ದೊಡ್ಡ ತಪ್ಪನ್ನು ತಿದ್ದಲು ಇವತ್ತು ಕೈ ಹಾಕಿದ್ದೇನೆ.

ಜನವರಿ ೧೩, ಮಂಗಳವಾರ

ಹಲಗೆಗಳೆಲ್ಲ ತೊಲಗಿದವು. ಸೌದೆಯವನು ಗಾಡಿಗೆ ಹೇರಿಕೊಂಡು ಹೋದ. ಒಂದು ಹಲಗೆಯಲ್ಲಿ ದುಂಡಗೆ ತೂತು ಕೊರೆದಿತ್ತು. ಯಾಕೋ, ಯಾರಿಗೆ ಗೊತ್ತು.

ಕಟಕಟೆಗೂ ಹಿಂದಿನಿಂದ ಪದರ ಪದರವಾಗಿ ಬಣ್ಣ ಬಳಿದಿದ್ದಾರೆ, ಈ ಮನೆಯಲ್ಲಿದ್ದ ಪುಣ್ಯಾತ್ಮರು. ಕಂದು ಕೆರೆದರೆ ಕೆಳಗೆ ಹಸಿರು, ಹಸಿರಿನ ಕೆಳಗೆ ಕೆನೆಯ ಬಣ್ಣ, ಎಲ್ಲದರ ತಳದಲ್ಲಿ ಬಿಳಿ. ಅದು ನನ್ನ ಸೋದರತ್ತೆಯೂ ಹುಟ್ಟುವ ಮುಂಚಿನದು. ಹಲ್ಲಿನಷ್ಟು ಗಟ್ಟಿ, ಮರಕ್ಕೆ ಕಚ್ಚಿ ಕೂತಿದೆ. ಎಲೆಯ ಗೆರೆಗಳೆಲ್ಲ ಅದರಲ್ಲಿ ಹೂತುಹೋಗಿವೆ. ಒಂದು ಕಡೆ ಕಂಬವೇ ಇಲ್ಲ, ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಸಿಗಾಳಿ ಊದುವ ಒಂದು ಯಂತ್ರ ಕೊಟ್ಟರು. ನೋಡಲು ಕೂದಲು ಒಣಗಿಸುವ ಯಂತ್ರದ ಅಣ್ಣನಂತಿದೆ. "ಇದನ್ನ ಹಿಡೀರಿ ಮೇಡಂ, ಬಣ್ಣ ತಾನಾಗೇ ಎದ್ದು ಸಲಾಂ ಹೊಡೆಯುತ್ತೆ" ಎಂದ ಅಂಗಡಿಯವನು. ಸುಳ್ಳಲ್ಲ. ಬಿಸಿ ತಾಗಿದೊಡನೆ ಬಣ್ಣ ಗುಳ್ಳೆಗುಳ್ಳೆಯಾಗಿ ಉಬ್ಬುತ್ತದೆ; ಅಗಲ ಬಾಯಿಯ ಉಳಿ ಆಡಿಸಿದರೆ ನಾಲಿಗೆಯಂತೆ ಸುರುಳಿ ಸುತ್ತಿಕೊಂಡು ಬೀಳುತ್ತದೆ. ತಳದ ಬಿಳಿಯ ಹೊಗೆಗೆ ಏನೋ ಒಂಥರಾ ಸಿಹಿ. ಹೊರಗೆ ಕೊರೆಯುವ ಗಾಳಿ, ಹಾಗಾಗಿ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡೇ ಕೆಲಸ ಮಾಡಿದೆ. ಚಹದ ಮೇಲೂ ಪುಡಿ ತೇಲುತ್ತಿತ್ತು. ಊದಿ ಕುಡಿದೆ.

ಮೊಗ್ಗಿನ ಒಂದು ಎಸಳು ಬಿಡಿಸಿದೆ. ಜೇನಿನ ಬಣ್ಣದ ಮರ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಜನವರಿ ೨೧, ಬುಧವಾರ

ಬಡಗಿ ಬಂದಿದ್ದರು. ಕಿವಿಯ ಮೇಲೆ ಪೆನ್ಸಿಲ್ಲು, ಎರಡು ಮಾತಿಗೊಮ್ಮೆ "ಆಯ್ತಕ್ಕ". ಇಲ್ಲದ ಕಂಬವನ್ನು ಅವರೇ ಕಡೆದುಕೊಡಬೇಕು. ಬಾಗಿ ಕುಳಿಯೊಳಗೆ ಬೆರಳಾಡಿಸಿ ನೋಡಿದರು.

"ಇದು ಮುರಿದದ್ದಲ್ಲ ಅಕ್ಕ. ಯಾರೋ ಗರಗಸ ಹಾಕಿ ಕೊಯ್ದಿದಾರೆ. ಅದೂ ಗಡಿಬಿಡೀಲಿ."

"ಇನ್ಯಾರು? ನಮ್ಮ ಯಜಮಾನರೇ. ಅವರಿಗೆ ಚೆಂದದ್ದು ಕಂಡ್ರೆ ಆಗ್ತಿರಲಿಲ್ಲ."

"ನಿಮ್ಮನ್ನ ಮದುವೆ ಆಗಿದ್ರಲ್ಲಕ್ಕ" ಎಂದರು ಬಡಗಿ, ಮುಖ ಗಂಭೀರವಾಗಿಟ್ಟುಕೊಂಡು. ನಗು ಬಂತು. ಈ ಮನೆಯಲ್ಲಿ ನಕ್ಕ ಸದ್ದು ಕೇಳಿ ನನಗೇ ಬೆಚ್ಚಿದಂತಾಯಿತು.

ಅಳತೆಗೆಂದು ಒಂದು ಕಂಬ ಬಿಚ್ಚಿಕೊಂಡರು. ನಾನು ಯಂತ್ರ ಹಚ್ಚಿದ ಕೂಡಲೇ ಮೂಗು ಮುಚ್ಚಿಕೊಂಡು ಹೊರಗೆ ನಡೆದರು. "ತಲೆ ಹಿಡೀತದೆ ಇದು. ನಮ್ಮಪ್ಪ ಆದ್ರೆ ನೀರು ಹಾಕಿ ಹಾಕಿ ಕೆರೀತಿದ್ರು. ಯಾಕೆ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಿಟಕಿನಾದ್ರೂ ತೆಗೀರಿ."

ನೀರು ಹಾಕಿ ಕೆರೆಯುತ್ತ ಕೂತರೆ ಮುಂದಿನ ಜನ್ಮಕ್ಕೆ ಮುಗಿದೀತು. ಚಳಿಗೆ ಕಿಟಕಿ ತೆಗೆಯಲೂ ಇಲ್ಲ.

ಫೆಬ್ರವರಿ ೨, ಸೋಮವಾರ

ಮಗಳು ಫೋನು ಮಾಡಿದ್ದಳು. ಬಸುರಿ, ಬಿಪಿ ಏರಿದೆಯಂತೆ. ಅಳಿಯ ಹಡಗಿನಲ್ಲಿದ್ದಾನೆ, ಬರುವುದು ಇನ್ನೂ ತಡ. ಈ ಸ್ಥಿತಿಯಲ್ಲಿ ಒಬ್ಬಳೇ ಇರಬೇಡ ಎಂದು ಡಾಕ್ಟರು ಹೇಳಿದ್ದಾರೆ.

"ಅಲ್ಲಿಗೇ ಬರ್ತೀನಮ್ಮ. ತೊಂದರೆ ಆಗುತ್ತಾ?"

"ತೊಂದರೆಯಂತೆ! ಬಾರೇ ಸುಮ್ನೆ."

ಫೋನಿಟ್ಟ ಮೇಲೆ ಆ ಪ್ರಶ್ನೆ ಚುಚ್ಚಿತು. ಹೆತ್ತ ತಾಯಿಯನ್ನು ಯಾರಾದರೂ ಹಾಗೆ ಕೇಳುತ್ತಾರೆಯೆ? ಅಪ್ಪನನ್ನಾದರೆ ಕೇಳುತ್ತಿದ್ದಳೆ? ಅವರಿಬ್ಬರೂ ಯಾವಾಗಲೂ ಒಂದು ಪಕ್ಷ, ನಾನು ಎದುರು ಪಕ್ಷ.

ಅವಳು ಬರುವುದರೊಳಗೆ ಮುಗಿಸಬೇಕೆಂದು ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಮಾಡುತ್ತಿದ್ದೇನೆ. ಎಡಗಡೆಯ ಕಂಬಗಳೆಲ್ಲ ಬೆತ್ತಲಾದವು. ಈಗ ಉಪ್ಪುಕಾಗದದಲ್ಲಿ ಉಜ್ಜುತ್ತಿದ್ದೇನೆ. ಹೊಟ್ಟೆ ಹಿಡಿದು ಹಿಂಡಿದ ಹಾಗೆ ನೋವು. ಸಂಡಾಸಿಗೆ ಹೋಗಿ ನಾಲ್ಕು ದಿನವಾಯಿತು. ಒಬ್ಬಳೇ ಇದ್ದು ಹೊತ್ತು ಹೊತ್ತಿಗೆ ತಿನ್ನದೆ ಹೀಗಾಗಿದೆ. ಬಾಯಲ್ಲಿ ಸದಾ ಹಳೆಯ ನಾಣ್ಯ ಇಟ್ಟುಕೊಂಡಂಥ ರುಚಿ.

ಫೆಬ್ರವರಿ ೮, ಭಾನುವಾರ

ಮಗಳು ಬಂದಳು. ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತು ನನ್ನನ್ನೇ ನೋಡಿದಳು.

"ಅಮ್ಮ, ಎಷ್ಟು ಇಳಿದುಹೋಗಿದೀಯ! ಮುಖ ಸುಣ್ಣದ ಹಾಗಿದೆ."

"ಕೆಲಸ ಮಾಡೋರ ಮುಖ ಹೀಗೇ ಇರುತ್ತೆ. ಇಲ್ಲಿ ನೋಡು" ಎಂದು ಮೆಟ್ಟಿಲು ತೋರಿಸಿದೆ.

ನೋಡಿದಳು. ಚೆನ್ನಾಗಿದೆ ಎನ್ನುತ್ತಾಳೆ ಎಂದು ಕಾದೆ. "ತೂತಿದ್ದ ಹಲಗೆ ಎಲ್ಲಿ?" ಎಂದಳು.

"ಸೌದೆಯವನಿಗೆ ಕೊಟ್ಟೆ."

ಚೀಲ ಕೆಳಗಿಟ್ಟು ಮೊದಲ ಮೆಟ್ಟಿಲಿನ ಮೇಲೆ ಕುಸಿದು ಕೂತಳು. "ಅದು ನಂದಮ್ಮ. ಅಪ್ಪ ನನಗೋಸ್ಕರ ಕೊರೆದಿದ್ರು. ಅದರ ಹಿಂದೆ ಕೂತ್ಕೊಂಡು ಬಾಗಿಲ ಕಡೆ ನೋಡ್ತಿದ್ದೆ. ಸಾಯಂಕಾಲ ನೀನು ಒಳಗೆ ಬಂದ ಕೂಡ್ಲೇ ಓಡಿಹೋಗಿ ಅಪ್ಪಂಗೆ ವರದಿ ಕೊಡ್ತಿದ್ದೆ. ಇವತ್ತು ಅಮ್ಮನ ಮುಖ ಚೆನ್ನಾಗಿದೆ, ಇವತ್ತು ಚೆನ್ನಾಗಿಲ್ಲ."

"ಚೆನ್ನಾಗಿಲ್ಲ ಅಂದ್ರೆ?"

"ಇಬ್ಬರೂ ಬಾಯಿ ಮುಚ್ಕೊಂಡಿರ್ತಿದ್ವಿ."

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಮನೆಗೆ ದುಡಿದು ತಂದು ಹಾಕುವವಳು ನಾನು, ನನ್ನ ಮೇಲೇ ಕಾವಲು.

ಅವಳಿಗೆ ಮೆಟ್ಟಿಲ ಬುಡದ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟೆ. ಹತ್ತಿಳಿಯುವ ಕಷ್ಟವಿಲ್ಲ, ಕೂಗಿದರೆ ನನಗೆ ಕೇಳಿಸುತ್ತದೆ.

ಫೆಬ್ರವರಿ ೧೫, ಭಾನುವಾರ

ಬಡಗಿಯನ್ನು ಬಯ್ದು ಕಳಿಸಿದೆ.

ಕಡೆದು ತಂದ ಕಂಬದ ಕುತ್ತಿಗೆ ಒಂದು ನೂಲಿನಷ್ಟು ದಪ್ಪವಾಗಿತ್ತು. "ಕಣ್ಣಿಗೆ ಕಾಣೋದಿಲ್ಲ ಅಕ್ಕ" ಎಂದರು. ನನ್ನ ಕಣ್ಣಿಗೆ ಕಾಣುತ್ತದೆ. ಏನೇನು ಅಂದೆನೋ ಸರಿಯಾಗಿ ನೆನಪಿಲ್ಲ. ಕೈಯಲ್ಲಿದ್ದ ಉಳಿಯನ್ನು ಗೋಡೆಗೆ ಎಸೆದದ್ದು ನೆನಪಿದೆ. ಅವರು ಕಂಬವನ್ನು ಬಟ್ಟೆಯಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು, "ಆಯ್ತಕ್ಕ" ಎಂದು ಹೊರಟುಹೋದರು.

ಮಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕವಳಿದ್ದಾಗ ನಿಲ್ಲುತ್ತಿದ್ದಂತೆಯೇ.

"ಏನ್ ನೋಡ್ತೀಯ? ಮುಖ ಚೆನ್ನಾಗಿಲ್ಲ ಅಂತ ಯಾರಿಗೆ ವರದಿ ಕೊಡ್ತೀಯ ಈಗ?" ಎಂದೆ.

ಬಾಗಿಲು ಹಾಕಿಕೊಂಡಳು. ತಲೆ ಸಿಡಿಯುತ್ತಿದೆ.

ಫೆಬ್ರವರಿ ೧೯, ಗುರುವಾರ

ಮೊದಲು ಜನವರಿ ಎಂದು ಬರೆದು ಹೊಡೆದುಹಾಕಿದೆ. ಎರಡು ಸಲ.

ಬಲಗಡೆ ಅರ್ಧ ಆಯಿತು. ಬರೆಯುವಂಥದ್ದು ಏನೂ ಇಲ್ಲ.

ಫೆಬ್ರವರಿ ೨೬, ಗುರುವಾರ

ಇವತ್ತಿನಂಥ ದಿನ ಇತ್ತೀಚೆಗೆ ಬಂದಿರಲಿಲ್ಲ.

ಎಲೆಯ ಕೆತ್ತನೆಗಳೊಳಗೆ ಸಿಕ್ಕಿಕೊಂಡ ಬಿಳಿಯನ್ನು ಸೂಜಿಯಿಂದ ಕೆದಕುತ್ತ ಕೂತಿದ್ದೆ. ಮಧ್ಯಾಹ್ನ ಮಗಳು ತಾನಾಗಿಯೇ ಬಂದು, "ಮಲಗಿ ಮಲಗಿ ಸಾಕಾಯ್ತು, ನನಗೂ ಏನಾದ್ರೂ ಕೊಡು" ಎಂದಳು. ಹಳೆಯ ಹಲ್ಲುಜ್ಜುವ ಬ್ರಷ್ಷು ಕೊಟ್ಟೆ. ನನಗಿಂತ ಒಂದು ಮೆಟ್ಟಿಲು ಮೇಲೆ ದಿಂಬು ಹಾಕಿಕೊಂಡು ಕೂತಳು. ನಾನು ಕೆದಕುವುದು, ಅವಳು ಬ್ರಷ್ಷಿನಿಂದ ಉಜ್ಜಿ ಬಾಯಿಂದ ಊದುವುದು. ನಡುನಡುವೆ ತಟ್ಟೆಯಿಂದ ಬಿಸ್ಕತ್ತು. ಎಲೆಯ ನರಗಳು ಒಂದೊಂದಾಗಿ ಎದ್ದು ಬರುತ್ತಿದ್ದವು.

ಕಂಬವಿಲ್ಲದ ಜಾಗಕ್ಕೆ ಕೈ ತೂರಿಸಿ ಅವಳು ಇದ್ದಕ್ಕಿದ್ದಂತೆ ನಗತೊಡಗಿದಳು.

"ಇದರ ಕಥೆ ನಿನಗೆ ಗೊತ್ತೇ ಇಲ್ಲ ಅಲ್ವಾ? ಹೇಳಬಾರದು ಅಂತ ಅಪ್ಪ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ರು."

ಅವಳಿಗಾಗ ನಾಲ್ಕು ವರ್ಷ. ನಾನು ಪ್ರೆಸ್ಸಿಗೆ ಹೋಗಿದ್ದೆ. ಎರಡು ಕಂಬಗಳ ನಡುವೆ ತಲೆ ತೂರಿಸಿದವಳಿಗೆ ಮತ್ತೆ ಹೊರಗೆ ತೆಗೆಯಲಾಗಲಿಲ್ಲ. ಅಪ್ಪ ಎಣ್ಣೆ ಹಚ್ಚಿದರಂತೆ, ಸೋಪು ಹಚ್ಚಿದರಂತೆ. ಕೊನೆಗೆ ಅವಳ ಕಿವಿಗೆ ಟವೆಲ್ಲು ಸುತ್ತಿ, ಗರಗಸ ಹಾಕಿದರಂತೆ. "ನಾನು ಅಳ್ತಿರಲಿಲ್ಲ, ಅಪ್ಪ ಅಳ್ತಿದ್ರು. ತಲೆ ಹೊರಗೆ ಬಂದ ಮೇಲೆ ಇಬ್ಬರೂ ಕೂತು ಆ ಕಂಬ ನೋಡಿದ್ವಿ. 'ನಿಮ್ಮಮ್ಮ ನನ್ನ ಜೀವ ತೆಗೀತಾಳೆ' ಅಂದ್ರು. ಆಮೇಲೆ ಹೋಗಿ ಪ್ಲೈವುಡ್ ತಂದ್ರು."

"ಇಷ್ಟಕ್ಕಾ? ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?"

"ನಿನಗೆ ಹೇಳೋದಾ!" ಎಂದಳು. ಬಲು ಸಹಜವಾಗಿ. ನನಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಇವರಿಗೆ ಗರಗಸ ಹಿಡಿಯಲು ಸಹ ಬರುತ್ತಿರಲಿಲ್ಲ. ಒಂದು ಮೊಳೆ ಹೊಡೆಯಬೇಕಾದರೆ ಎರಡು ಬೆರಳು ಜಜ್ಜಿಕೊಳ್ಳುತ್ತಿದ್ದರು. ಅಷ್ಟೊಂದು ಹಲಗೆಯನ್ನು ಒಂದೇ ದಿನದಲ್ಲಿ ಹೇಗೆ ಹೊಡೆದರೋ.

ಮಗಳು ಸಂಜೆಯವರೆಗೂ ಅಲ್ಲೇ ಕೂತಿದ್ದಳು. ಅವಳ ಕೂದಲ ಮೇಲೆಲ್ಲ ಬಿಳಿ ಪುಡಿ. "ನೋಡು, ನಿನ್ನ ವಯಸ್ಸಾಯ್ತು ನನಗೆ" ಎಂದಳು.

ಮಾರ್ಚ್ ೫, ಗುರುವಾರ

ಬಲಗೈ ಮಾತು ಕೇಳುತ್ತಿಲ್ಲ. ಉಳಿ ಹಿಡಿದರೆ ಮಣಿಕಟ್ಟು ಒಣಗಿದ ಹೂವಿನ ಹಾಗೆ ಕೆಳಗೆ ಬಾಗುತ್ತದೆ. ಬೆಳಿಗ್ಗೆ ಬಿಸಿನೀರಿನ ಪಾತ್ರೆ ಜಾರಿ ಕಾಲಿನ ಪಕ್ಕದಲ್ಲೇ ಬಿತ್ತು. ಅತಿಯಾಗಿ ದುಡಿದದ್ದಕ್ಕೆ ಕೈ ಸೋತಿರಬೇಕು. ಬಟ್ಟೆ ಬಿಗಿಯಾಗಿ ಸುತ್ತಿಕೊಂಡು ಮಾಡುತ್ತಿದ್ದೇನೆ. ಈ ಸಾಲುಗಳು ಹೇಗೆ ಓಡಿವೆ ನೋಡಿದರೆ ನಾಚಿಕೆಯಾಗುತ್ತದೆ.

ಮಗಳಿಗೆ ತಲೆನೋವು, ಊಟ ಸೇರುತ್ತಿಲ್ಲ. "ಈ ವಾಸನೆ ಆಗ್ತಿಲ್ಲಮ್ಮ, ಮಗು ಹುಟ್ಟೋವರೆಗೂ ನಿಲ್ಲಿಸು" ಎಂದಳು.

"ಇನ್ನು ನಾಲ್ಕು ಕಂಬ ಇರೋದು. ನಾಲ್ಕು ಕಂಬಕ್ಕೆ ನಿಲ್ಲಿಸು ಅಂದ್ರೆ?"

"ಬೇಡ ಬಿಡು" ಎಂದಳು. ಅಪ್ಪನೂ ಹೀಗೇ. ಎರಡು ಸಲ ಕೇಳುವ ಜಾತಿಯಲ್ಲ ಅವರು.

ಅವಳ ಕೋಣೆಯ ಬಾಗಿಲ ಸಂದಿಗೆ ಬಟ್ಟೆ ತುರುಕಿ ಕೆಲಸ ಮುಂದುವರಿಸಿದೆ.

ಮಾರ್ಚ್ ೧೧, ಬುಧವಾರ

ಬೆಳಿಗ್ಗೆ ಮಗಳಿಗೆ ಕಣ್ಣು ಮಂಜಾಯಿತು. ಆಮೇಲೆ ನೋವು. ದಿನ ತುಂಬಿಲ್ಲ, ಇನ್ನೂ ತುಂಬ ಬೇಗ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಕರೆದುಕೊಂಡು ಹೋದರು. ಏನೂ ಹೇಳುತ್ತಿಲ್ಲ.

ಮಾರ್ಚ್ ೧೩, ಶುಕ್ರವಾರ

ಹೆಣ್ಣು ಮಗು. ಹೊಟ್ಟೆ ಕೊಯ್ದು ತೆಗೆದರು. ಗಾಜಿನ ಪೆಟ್ಟಿಗೆಯೊಳಗೆ, ಮೂಗಿಗೆ ನಳಿಕೆ. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನೀಲಿ ನರಗಳನ್ನು ನೋಡಬಹುದು. ಉಸಿರಿಗೊಮ್ಮೆ ಪಕ್ಕೆ ಒಳಗೆ ಹೋಗಿ ಬರುತ್ತದೆ. ನಾನು ಪಕ್ಕೆಯನ್ನೇ ನೋಡುತ್ತ ನಿಂತಿದ್ದೆ, ಒಂದು ಸಲವೂ ತಪ್ಪದಿರಲಿ ಎಂದು.

ಡಾಕ್ಟರಮ್ಮ ಒಂದು ಕಡೆ ಸಹಿ ಹಾಕಲು ಹೇಳಿದರು. ಪೆನ್ನು ಜಾರಿತು. ಎತ್ತಿಕೊಟ್ಟರು, ಮತ್ತೆ ಜಾರಿತು. ಅವರು ಪೆನ್ನು ಬಿಟ್ಟು ನನ್ನ ಕೈ ನೋಡಿದರು.

"ಎರಡೂ ಕೈ ಮುಂದೆ ಚಾಚಿ. ಅಂಗೈ ಎತ್ತಿ, ಯಾರನ್ನೋ 'ನಿಲ್ಲು' ಅನ್ನೋ ಹಾಗೆ."

ಎಡಗೈ ಎದ್ದಿತು. ಬಲಗೈ ನೇತಾಡಿತು.

"ಏನ್ ಕೆಲಸ ಮಾಡ್ತಿದ್ರಿ?"

"ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ನಿವೃತ್ತಿಯಾಯಿತು."

"ಈಗ ಮನೇಲಿ?"

"ಹಳೇ ಮೆಟ್ಟಿಲು ಸರಿಮಾಡ್ತಿದೀನಿ. ನಾಲ್ಕು ಪದರ ಬಣ್ಣ ಡಾಕ್ಟರೇ, ಎಲ್ಲ ನಾನೊಬ್ಬಳೇ ಸುಟ್ಟು ತೆಗೆದೆ." ಹೆಮ್ಮೆಯಿಂದಲೇ ಹೇಳಿದೆ.

ಅವರು ಚೀಟಿಯಲ್ಲಿ ಏನೋ ಗುರುತು ಹಾಕಿಕೊಂಡರು. "ಮಗಳೂ ಅದೇ ಮನೇಲಿ ಇದ್ರಾ?" ಎಂದು ಕೇಳಿದರು.

ರಕ್ತ ತೆಗೆದುಕೊಂಡರು. ನನ್ನದು, ಮಗಳದು. ಮಗುವಿನ ಹಿಮ್ಮಡಿಗೆ ಚುಚ್ಚಿ ಅದರದೂ. ಅದಕ್ಕೆ ಅಳಲೂ ಶಕ್ತಿಯಿರಲಿಲ್ಲ, ಬಾಯಿ ಮಾತ್ರ ತೆರೆಯಿತು.

ಮಾರ್ಚ್ ೧೭, ಮಂಗಳವಾರ

ಸೀಸ.

ಹಳೆಯ ಕಾಲದ ಬಿಳಿ ಬಣ್ಣದಲ್ಲಿ ಸೀಸ ಬೆರೆಸುತ್ತಿದ್ದರಂತೆ. ಸುಟ್ಟರೆ ಹೊಗೆಯಲ್ಲಿ ಬರುತ್ತದೆ, ಉಜ್ಜಿದರೆ ಧೂಳಿನಲ್ಲಿ ಬರುತ್ತದೆ, ಕೈಗಂಟಿದರೆ ತಿನ್ನುವುದರ ಜೊತೆ ಒಳಗೆ ಹೋಗುತ್ತದೆ. ಹೊಟ್ಟೆನೋವು, ತಲೆನೋವು, ಮರೆವು, ಸಿಟ್ಟು, ಕೈ ಸೋಲುವುದು, ಎಲ್ಲ ಅದೇ. ನನ್ನ ರಕ್ತದಲ್ಲಿ ವಿಪರೀತ ಇದೆ. ಮಗಳದರಲ್ಲಿ ನನ್ನಷ್ಟಿಲ್ಲ, ಆದರೆ ಬಸುರಿಗೆ ಅದೇ ಹೆಚ್ಚು. ಹೊಕ್ಕುಳಬಳ್ಳಿಯಲ್ಲಿ ಹರಿದು ಮಗುವಿಗೂ ಹೋಗಿದೆ.

"ಅದರಿಂದಾನೇ ಬೇಗ ಹುಟ್ಟಿತಾ?" ಎಂದು ಕೇಳಿದೆ.

"ಹೌದು ಅಂತ ಹೇಳೋಕಾಗಲ್ಲಮ್ಮ. ಮೊದಲೇ ಬಿಪಿ ಇತ್ತು. ಅಲ್ಲ ಅಂತಾನೂ ಹೇಳೋಕಾಗಲ್ಲ."

"ಮುಂದೆ ಮಗು ಹೇಗಿರುತ್ತೆ?"

"ಬದುಕುತ್ತೆ ಅಂತ ಕಾಣುತ್ತೆ. ಕಿವಿ, ಮಾತು, ಬುದ್ಧಿ ಇವೆಲ್ಲ ಬೆಳೀತಾ ಗೊತ್ತಾಗಬೇಕು. ವರ್ಷಗಟ್ಟಲೆ ನೋಡ್ತಾ ಇರಬೇಕು."

ನನ್ನ ಕಸುಬಿನಲ್ಲಿ ಎರಡೇ ಇದ್ದವು, ಸರಿ ಮತ್ತು ತಪ್ಪು. ಇದನ್ನು ಎಲ್ಲಿಡಲಿ?

ಮಗಳು ಸದ್ಯಕ್ಕೆ ಮಗುವಿಗೆ ಹಾಲು ಕೊಡುವಂತಿಲ್ಲ. ಹಿಂಡಿ ಚೆಲ್ಲಬೇಕು.

ನನ್ನನ್ನೂ ಕೆಳಗಿನ ವಾರ್ಡಿನಲ್ಲಿ ಸೇರಿಸಿದ್ದಾರೆ, ದಿನಾ ಸೂಜಿ ಚುಚ್ಚುತ್ತಾರೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಮಾರ್ಚ್ ೨೦, ಶುಕ್ರವಾರ

ಡಾಕ್ಟರಮ್ಮನೇ ಮಗಳಿಗೆ ಹೇಳಿದರಂತೆ. ನಾನು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದ ಮೇಜಿನ ಮೇಲೆ ಹಿಂಡಿದ ಹಾಲಿನ ಬಟ್ಟಲು. ಎಷ್ಟು ಹೊತ್ತು ನಿಂತರೂ ಈ ಕಡೆ ತಿರುಗಲಿಲ್ಲ. ನಾನೇ ಆ ಬಟ್ಟಲು ತೆಗೆದುಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿ ತೊಳೆದಿಟ್ಟೆ.

ಸಂಜೆ ಅಳಿಯ ಬಂದ. ಮೂರು ಬಂದರು ದಾಟಿ, ಗಡ್ಡವನ್ನೂ ಬೋಳಿಸದೆ. ಎಂದೂ ನನಗೆ ಎದುರಾಡಿದವನಲ್ಲ. ನೆಲ ನೋಡುತ್ತ ಹೇಳಿದ:

"ಅತ್ತೆ, ತಪ್ಪು ತಿಳ್ಕೋಬೇಡಿ. ಸ್ವಲ್ಪ ದಿನ ನೀವು ಮೇಲೆ ಬರಬೇಡಿ. ನಿಮ್ಮನ್ನ ನೋಡಿದ್ರೆ ಅವಳ ಬಿಪಿ ಏರುತ್ತೆ."

"ಆಯ್ತಪ್ಪ" ಎಂದೆ.

ಮಾರ್ಚ್ ೨೯, ಭಾನುವಾರ

ಇವತ್ತು ನನ್ನನ್ನು ಬಿಟ್ಟರು. ಆದರೆ ಆ ಮನೆಗೆ ಹೋಗುವಂತಿಲ್ಲ. ತಿಳಿದವರು ಬಂದು ಒದ್ದೆ ಬಟ್ಟೆಯಿಂದ ಗೋಡೆ, ನೆಲ, ಮೂಲೆ ಮೂಲೆಯನ್ನೂ ಒರೆಸಿ ತೆಗೆಯುವವರೆಗೆ ಯಾರೂ ಅಲ್ಲಿ ಇರಬಾರದು.

ಆಸ್ಪತ್ರೆಯ ಮುಂದೆ ಎಲ್ಲಿ ಹೋಗಲೆಂದು ತಿಳಿಯದೆ ನಿಂತಿದ್ದಾಗ ಬಡಗಿ ಬಂದರು. ಸುದ್ದಿ ಅವರಿಗೂ ಮುಟ್ಟಿದೆ. ಅವರ ರಕ್ತವನ್ನೂ ನೋಡಿದರಂತೆ, ಏನಿಲ್ಲ. ಅವರು ಮಾಡಿದ್ದೆಲ್ಲ ತಮ್ಮ ಕೊಟ್ಟಿಗೆಯಲ್ಲಿ, ಹೊಸ ಮರದ ಮೇಲೆ.

"ನಮ್ಮನೆ ಹಿಂದೆ ಒಂದು ಕೋಣೆ ಖಾಲಿ ಇದೆ ಅಕ್ಕ. ನನ್ನ ಹೆಂಡತಿ ಗುಡಿಸಿಟ್ಟಿದಾಳೆ."

"ಅವತ್ತು ನಿಮ್ಮನ್ನ ಎಷ್ಟು ಬಯ್ದೆ" ಎಂದೆ.

"ನನ್ನ ಹೆಂಡತಿ ದಿನಾ ಬಯ್ತಾಳೆ. ಅವಳ ಮುಂದೆ ನೀವು ಯಾವ ಲೆಕ್ಕ?"

ಬಟ್ಟೆ ತರೋಣವೆಂದು ದಾರಿಯಲ್ಲಿ ಮನೆಗೆ ಹೋದೆವು. ಬಾಗಿಲಲ್ಲೇ ನಿಂತೆ. ಮಧ್ಯಾಹ್ನದ ಬೆಳಕು ಕಟಕಟೆಯ ಮೇಲೆ ಬಿದ್ದಿತ್ತು. ಕಂಬಗಳೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದವು, ಎಲೆಗಳು ಈಗಷ್ಟೇ ಚಿಗುರಿದಂತಿದ್ದವು. ಕೊನೆಯ ಎರಡು ಕಂಬ ಮಾತ್ರ ಹಾಗೇ ಉಳಿದಿವೆ. ನೋಡಿದೆ. ಯಾರದೋ ಮನೆಯ ಮೆಟ್ಟಿಲು ನೋಡಿದಂತೆ. ಬಟ್ಟೆಗಳ ಮೇಲೂ ಪುಡಿ ಇರುತ್ತದೆ ಎಂದು ನೆನಪಾಗಿ ಒಳಗೆ ಹೋಗದೆ ಹಾಗೇ ಬಾಗಿಲು ಎಳೆದುಕೊಂಡೆ.

ಬರುವಾಗ ದಾರಿಯುದ್ದಕ್ಕೂ ನಮ್ಮ ಯಜಮಾನರದೇ ಯೋಚನೆ. ಇವರಿದ್ದಿದ್ದರೆ ನನಗೆ ಹೇಳುವ ಧೈರ್ಯ ಮಾಡದಿದ್ದರೂ ಮಗಳನ್ನು ಸದ್ದಿಲ್ಲದೆ ಬೇರೆ ಕಡೆ ಕರೆದುಕೊಂಡು ಹೋಗಿ ಇಟ್ಟಿರುತ್ತಿದ್ದರು. ಆಮೇಲೆ ನನ್ನ ಹತ್ತಿರ ಏನೋ ಒಂದು ಸುಳ್ಳು ಹೇಳುತ್ತಿದ್ದರು. ಧೂಳು ಅಂತಲೋ ಏನೋ.

ಏಪ್ರಿಲ್ ೧೨, ಭಾನುವಾರ

ಮಗುವನ್ನು ಪೆಟ್ಟಿಗೆಯಿಂದ ತೆಗೆದರಂತೆ. ಬಾಟಲಿಯಲ್ಲಿ ಕುಡಿಯುತ್ತಿದೆಯಂತೆ. ಅಳಿಯನೇ ಬಂದು ಹೇಳಿಹೋದ, ನಿಂತ ಕಾಲಲ್ಲಿ. ಆಸ್ಪತ್ರೆಯ ಹತ್ತಿರವೇ ಒಂದು ನೆಲ ಅಂತಸ್ತಿನ ಮನೆ ಹಿಡಿದಿದ್ದಾನೆ. ಹೊಸ ಕಟ್ಟಡ ಎಂದು ಒತ್ತಿ ಹೇಳಿದ.

"ಕಣ್ಣು ಬಿಡುತ್ತಾ?" ಎಂದು ಕೇಳಿದೆ.

"ಬಿಡುತ್ತೆ."

"ಬೆಳಕಿನ ಕಡೆ ನೋಡುತ್ತಾ?"

ಅವನು ಚಪ್ಪಲಿಗೆ ಕಾಲು ತೂರಿಸಿದ. "ಎಲ್ಲರೂ ಅದನ್ನೇ ಕೇಳ್ತಾರೆ ಅತ್ತೆ. ಅವಳು ದಿನವಿಡೀ ಮಗು ಮುಂದೆ ಕೈಯಾಡಿಸ್ತಾ ಕೂತಿರ್ತಾಳೆ. ನೀವೂ ಕೇಳಬೇಡಿ."

ಆಮೇಲೆ ಕೇಳಲಿಲ್ಲ.

ಮೇ ೩, ಭಾನುವಾರ

ಬೆಳಿಗ್ಗೆ ಬಡಗಿಯ ಹೆಂಡತಿ ಫೋನು ತಂದುಕೊಟ್ಟಳು. ಆ ಕಡೆ ಮಗಳು. ಆಸ್ಪತ್ರೆಯ ಕೋಣೆಯಲ್ಲಿ ಬೆನ್ನು ನೋಡಿದ ಮೇಲೆ ಇದೇ ಮೊದಲ ಸಲ ಅವಳ ದನಿ.

"ಇವರು ನಾಳೆ ಹಡಗಿಗೆ ವಾಪಸ್ ಹೋಗ್ಬೇಕು. ಮಗು ಗಂಟೆಗೊಂದು ಸಲ ಏಳುತ್ತೆ. ನನಗೊಬ್ಬಳಿಗೇ ಆಗ್ತಿಲ್ಲ."

"ಈಗಲೇ ಬರ್ತೀನಿ."

"ಕ್ಷಮಿಸಿದೀನಿ ಅಂತ ಅಂದ್ಕೋಬೇಡ. ಬಾ ಅಂತ ಕರೀತಿದೀನಿ, ಅಷ್ಟೆ."

"ಅಷ್ಟೇ ಸಾಕು" ಎಂದೆ.

ಮೈಕೈ ಉಜ್ಜಿ ಸ್ನಾನ ಮಾಡಿ, ಬಡಗಿಯ ಹೆಂಡತಿ ಒಗೆದುಕೊಟ್ಟ ಅವಳದೇ ಸೀರೆಯುಟ್ಟು ಹೋದೆ. ಬಾಗಿಲಲ್ಲಿ ಮಗಳು ನನ್ನ ಉಗುರುಗಳನ್ನು ನೋಡಿದಳು. ಒಳಗೆ ಹೋಗಿ ಮತ್ತೆ ಕೈ ತೊಳೆದೆ. ಮತ್ತೆ ನೋಡಿದಳು. ಇನ್ನೊಮ್ಮೆ ತೊಳೆದೆ. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿದೆ, ಮೊಣಕೈಯ ಮೂಳೆ ಎದ್ದಿದೆ.

ನನ್ನ ಬಲಗೈ ಇನ್ನೂ ಪೂರ್ತಿ ಏಳುವುದಿಲ್ಲ. ಕುರ್ಚಿಯಲ್ಲಿ ಕೂತು ಮಡಿಲಲ್ಲಿ ದಿಂಬಿಟ್ಟುಕೊಂಡೆ. ಅವಳು ಮಗುವನ್ನು ದಿಂಬಿನ ಮೇಲೆ ಮಲಗಿಸಿ, ತಲೆಯ ಕೆಳಗೆ ನನ್ನ ಎಡಗೈಯನ್ನು ತಾನೇ ಹಿಡಿದು ಸರಿಯಾಗಿ ಇಟ್ಟಳು. ಬಾಟಲಿ ಬಾಯಿಗಿಟ್ಟೆ. ಮೊದಲು ಮುಖ ಕಿವುಚಿತು, ಆಮೇಲೆ ಎಳೆಯಲು ಶುರುಮಾಡಿತು. ಎಷ್ಟು ಹಗುರ! ಹಣೆ ಇವರದೇ, ಅದರ ಅಜ್ಜನದು.

"ಹೋಗಿ ಮಲಗು" ಎಂದೆ ಮಗಳಿಗೆ.

ಮಂಚದ ಮೇಲೆ ಅಡ್ಡಾದಳು. ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದರೆ ಕಣ್ಣು ತೆರೆದೇ ಇದ್ದಳು.

"ನಿದ್ದೆ ಮಾಡೇ."

"ಮಗು ನಿನ್ನ ಕೈಯಲ್ಲಿರುವಾಗ ನನಗೆ ನಿದ್ದೆ ಬರಲ್ಲಮ್ಮ."

ಹಿಂದಿನ ನಾನಾಗಿದ್ದರೆ ಅದಕ್ಕೆ ಏನಾದರೂ ಅನ್ನುತ್ತಿದ್ದೆನೇನೋ. ಬಾಟಲಿ ಸರಿಮಾಡಿ ಹಿಡಿದೆ.

"ಹಾಗಾದ್ರೆ ನೋಡ್ತಿರು" ಎಂದೆ.

ನೋಡುತ್ತಲೇ ಇದ್ದಳು. ಬಾಟಲಿ ಖಾಲಿಯಾಗುವವರೆಗೂ, ಮಗು ನನ್ನ ಭುಜದ ಮೇಲೆ ತೇಗುವವರೆಗೂ, ಮತ್ತೆ ದಿಂಬಿನ ಮೇಲೆ ನಿದ್ದೆ ಹೋಗುವವರೆಗೂ. ಹೊರಗೆ ಯಾವುದೋ ಗಾಡಿ ದೊಡ್ಡದಾಗಿ ಹಾರ್ನ್ ಮಾಡಿತು. ಇಬ್ಬರೂ ಒಟ್ಟಿಗೆ ಮಗುವಿನ ಮುಖ ನೋಡಿದೆವು. ಅದು ಅಲುಗಲಿಲ್ಲ. ಗಾಢ ನಿದ್ದೆ ಇರಬೇಕು. ಮಗಳು ಎದ್ದು ಬಂದು ಅದರ ಕಿವಿಯ ಮೇಲಿನ ಬಟ್ಟೆ ಸರಿಸಿದಳು.

ಸಂಜೆ ಹೊರಟಾಗ ಅವಳು ಬಾಗಿಲವರೆಗೆ ಬಂದಳು.

"ನಾಳೆ ಎಷ್ಟೊತ್ತಿಗೆ ಬರ್ತೀಯ?"

"ನೀನು ಹೇಳಿದ ಹೊತ್ತಿಗೆ."

"ಬೇಗ ಬಾ" ಎಂದು ಬಾಗಿಲು ಹಾಕಿಕೊಂಡಳು.